ಪರೇಲಿನ ಗಿರಣಿ ಹೆಂಗಸರು ಮತ್ತು ಸೊಪ್ಪಿನೊಳಗಿನ ಜೀವಸತ್ವ

ಡೊಂಬಿವಲಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಸೊಸೆಗೆ ಈಗ ಎರಡೂವರೆ ತಿಂಗಳು. ಡಾಕ್ಟರು ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟಿದ್ದಾರೆ. 'ನಮ್ಮ ಮನೆಯಲ್ಲಿ ಬಸಳೆ, ಹರಿವೆ, ಮೆಂತ್ಯ ಸೊಪ್ಪು ಇಲ್ಲದ ದಿನವಿಲ್ಲ. ಹಾಗಿದ್ದ ಮೇಲೆ ಮಾತ್ರೆ ಏಕೆ?' ಎಂಬುದು ಅವರ ಪ್ರಶ್ನೆ.

ಸೊಪ್ಪೂ ಬೇಕು, ಮಾತ್ರೆಯೂ ಬೇಕು, ಎರಡೂ ಇನ್ನಷ್ಟು ಮೊದಲೇ ಶುರುವಾಗಬೇಕಿತ್ತು ಎಂದು ಚುಟುಕಾಗಿ ಉತ್ತರಿಸಬಹುದು. ಆದರೆ ಆ ಮಾತ್ರೆಯ ಕಥೆ ಶುರುವಾದದ್ದೇ ನಮ್ಮ ಮುಂಬಯಿಯಲ್ಲಿ. ಪರೇಲಿನ ಹಾಫ್‌ಕಿನ್ ಸಂಸ್ಥೆಯ ಮುಂದೆ ದಿನವೂ ಓಡಾಡುವವರಲ್ಲಿಯೂ ಬಹಳ ಮಂದಿಗೆ ಇದು ತಿಳಿದಿಲ್ಲ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಈ ಸಂಸ್ಥೆಯಲ್ಲಿ ಕೆಲಸ ಮಾಡಲು ಮುಂಬಯಿಗೆ ಬಂದರು. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿ, ಆಮೇಲೆ ವೈದ್ಯಕೀಯ ಕಲಿತವರು ಅವರು. ಕರೆಸಿಕೊಂಡವರು ಭಾರತದಲ್ಲಿ ಬಹುಕಾಲ ಕೆಲಸ ಮಾಡಿದ್ದ ಡಾ. ಮಾರ್ಗರೆಟ್ ಬಾಲ್ಫೋರ್. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರಲ್ಲಿ ಬಸುರಿನ ಕೊನೆಯ ತಿಂಗಳುಗಳಲ್ಲಿ ಭೀಕರ ರಕ್ತಹೀನತೆ ಕಾಣಿಸುತ್ತಿತ್ತು. ಮುಖ ಬಿಳಿಚಿ, ಉಸಿರು ಕಟ್ಟಿ, ಎಷ್ಟೋ ಜನ ಹೆರಿಗೆಯ ಆಸುಪಾಸಿನಲ್ಲೇ ತೀರಿಕೊಳ್ಳುತ್ತಿದ್ದರು. ಕಬ್ಬಿಣದ ಕೊರತೆಯಲ್ಲಿ ರಕ್ತಕಣ ಕುಗ್ಗುತ್ತದೆ. ಈ ಹೆಂಗಸರ ರಕ್ತವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಕಣಗಳು ಅಗತ್ಯಕ್ಕಿಂತ ದೊಡ್ಡದಾಗಿ ಊದಿದ್ದವು, ಎಣಿಕೆಯಲ್ಲಿ ಮಾತ್ರ ಬಹಳ ಕಡಿಮೆ.

ಆ ಕಾಲದಲ್ಲಿ ಎಲ್ಲರೂ ರೋಗಾಣು ಹುಡುಕುತ್ತಿದ್ದರು. ವಿಲ್ಸ್ ಕೂಡ ಹುಡುಕಿದರು, ಸಿಗಲಿಲ್ಲ. ಆಗ ಅವರು ಮಾಡಿದ ಕೆಲಸವೇ ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು. ಎಸ್.ಎನ್. ತಲ್ಪಡೆ ಎಂಬವರ ಜೊತೆ ಸೇರಿ ಮುಂಬಯಿಯ ಹೆಂಗಸರು ದಿನವೂ ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂದು ಸಮೀಕ್ಷೆ ನಡೆಸಿ 1930ರಲ್ಲಿ ಪ್ರಕಟಿಸಿದರು. ಹಣ್ಣು, ತರಕಾರಿ, ಹಾಲು, ಮಾಂಸ ಕಣ್ಣಿಗೆ ಬೀಳುವುದೇ ಅಪರೂಪವಾಗಿದ್ದ ಮನೆಗಳಲ್ಲೇ ರೋಗ ಹೆಚ್ಚು ಎಂಬುದು ಸ್ಪಷ್ಟವಾಯಿತು.

ಮುಂದಿನದು ಪ್ರಯೋಗ. ಅದೇ ಬಗೆಯ ಆಹಾರವನ್ನು ಮೊದಲು ಇಲಿಗಳಿಗೆ ಕೊಟ್ಟರು. ಇಲಿಗಳ ಮೈಯ ಹೇನಿನಿಂದ ಬಂದ ಸೋಂಕು ಲೆಕ್ಕವನ್ನೆಲ್ಲ ಕೆಡಿಸಿತು. ಆಮೇಲೆ ಕೋತಿಗಳಿಗೆ ಕೊಟ್ಟರು. ಅವಕ್ಕೂ ಅದೇ ರಕ್ತಹೀನತೆ ಬಂತು, ಯೀಸ್ಟಿನ ಸಾರ ಕೊಟ್ಟಾಗ ಗುಣವಾಯಿತು. ಆ ಸಾರ ಬೇರೇನೂ ಅಲ್ಲ, ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಹಚ್ಚಿ ತಿನ್ನುವ ಅಗ್ಗದ ಮಾರ್ಮೈಟ್. ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನಿಂದ ಮಾಡುವ ಕಪ್ಪು ಲೇಹ್ಯ ಅದು. ಬಸುರಿಯರಿಗೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಹಸಿವು ಮರಳಿತು, ರಕ್ತಕಣಗಳ ಸಂಖ್ಯೆ ಏರತೊಡಗಿತು. 1931ರ ಜೂನ್‌ನಲ್ಲಿ ಈ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಮಾರ್ಮೈಟಿನಲ್ಲಿ ಇದ್ದದ್ದು ಏನೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನು 'ವಿಲ್ಸ್ ಫ್ಯಾಕ್ಟರ್' ಎಂದು ಕರೆದರು.

1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಮಿಚೆಲ್, ಸ್ನೆಲ್ ಮತ್ತು ವಿಲಿಯಮ್ಸ್ ನಾಲ್ಕು ಟನ್ ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಒಂದು ವಸ್ತುವನ್ನು ಬೇರ್ಪಡಿಸಿ, ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಮುಂಬಯಿಯ ಗುಟ್ಟು ಸೊಪ್ಪಿನಲ್ಲಿತ್ತು! 1945ರಲ್ಲಿ ಲೆಡರ್ಲೆ ಪ್ರಯೋಗಾಲಯದ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಆ ಸಂಶೋಧನೆಯ ಚುಕ್ಕಾಣಿ ಹಿಡಿದಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡಬರುವ ರಾಸಾಯನಿಕಗಳನ್ನೂ ಅವರ ತಂಡವೇ ರೂಪಿಸಿತು. ರಕ್ತದ ಕ್ಯಾನ್ಸರಿನ ವಿರುದ್ಧ ಇಂದಿಗೂ ಬಳಸುವ ಮೆಥೊಟ್ರೆಕ್ಸೇಟ್ ಆ ವಂಶದ ಔಷಧಿ. ಹಾಫ್‌ಕಿನ್ ಸಂಸ್ಥೆಗೆ ಸಮೀಪದಲ್ಲೇ ಇರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅದು ನಿತ್ಯದ ಔಷಧಿ. ಜೀವಸತ್ವವೂ ಅದರ ವಿರೋಧಿಯೂ ಪರೇಲಿನಲ್ಲಿ ಹೀಗೆ ನೆರೆಹೊರೆಯಾಗಿವೆ.

ಇಷ್ಟಕ್ಕೂ ಫೋಲೇಟ್, ಅಂದರೆ ಆಹಾರದಲ್ಲೂ ಮೈಯಲ್ಲೂ ಇರುವ ರೂಪದ ಫೋಲಿಕ್ ಆಮ್ಲ, ನಮ್ಮ ಮೈಯಲ್ಲಿ ಮಾಡುವುದೇನು? ಮಗ್ಗದ ಲಾಳಿಯ ಕೆಲಸ. ವಿಲ್ಸ್ ಕಾಲದ ಗಿರಣಿಗಳಲ್ಲಿ ಹೆಂಗಸರಿಗೆ ಕೆಲಸ ಸಿಗುತ್ತಿದ್ದುದು ಹೆಚ್ಚಾಗಿ ನೂಲು ಸುತ್ತುವ ವಿಭಾಗದಲ್ಲಿ. ಅವರು ಸುತ್ತಿದ ನೂಲು ಮಗ್ಗಕ್ಕೆ ಹೋಗುತ್ತಿತ್ತು. ಮಗ್ಗದಲ್ಲಿ ಲಾಳಿ ನೂಲು ಹೊತ್ತು ಅತ್ತಿಂದಿತ್ತ ಓಡಿದರೆ ಹಾಸುನೂಲಿಗೆ ಹೊಕ್ಕುನೂಲು ಸೇರಿ ಬಟ್ಟೆ ಬೆಳೆಯುತ್ತದೆ. ಫೋಲೇಟ್ ಹೊರುವುದು ಒಂದೇ ಒಂದು ಇಂಗಾಲದ ಪರಮಾಣುವನ್ನು. ಕೋಶ ಒಡೆದು ಎರಡಾಗುವ ಮುನ್ನ ಅದರ ಡಿಎನ್‌ಎ ಪೂರ್ತಿ ಪ್ರತಿಯಾಗಬೇಕು. ಅದಕ್ಕೆ ಬೇಕಾದ ಥೈಮಿನ್ ಎಂಬ ಘಟಕ ಸಿದ್ಧವಾಗಲು ಈ ಇಂಗಾಲ ಬೇಕು. ಇಂಗಾಲ ಕೊಟ್ಟು ಬರಿದಾದ ಲಾಳಿಗೆ ಮತ್ತೆ ನೂಲು ತುಂಬಿ ಓಡಿಸಬೇಕು. ಲಾಳಿ ಸಾಲದಿದ್ದರೆ ಡಿಎನ್‌ಎ ನೇಯ್ಗೆ ಅರ್ಧಕ್ಕೆ ನಿಲ್ಲುತ್ತದೆ. ಕೋಶದ ಮೈ ಮಾತ್ರ ಬೆಳೆಯುತ್ತಲೇ ಇರುತ್ತದೆ, ಒಡೆಯುವುದಿಲ್ಲ. ವಿಲ್ಸ್ ಕಂಡ ಊದಿದ ಕಣಗಳು ಹೀಗೆ ಹುಟ್ಟಿದವು. ನಮ್ಮ ಅಸ್ಥಿಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕೆಂಪು ರಕ್ತಕಣಗಳು ತಯಾರಾಗುತ್ತವೆ, ಆದ್ದರಿಂದ ಕೊರತೆಯ ಪೆಟ್ಟು ಅಲ್ಲಿಗೇ ಮೊದಲು. ಬಸುರಿಯಲ್ಲಂತೂ ತಾಯಿಯ ರಕ್ತ, ಮಾಸು, ಕೂಸು ಮೂರೂ ಒಟ್ಟಿಗೆ ನೇಯ್ಗೆಗೆ ಕೂತಿರುತ್ತವೆ.

ಈ ಮಗ್ಗದಲ್ಲಿ ಇನ್ನೊಂದು ತೊಡಕಿದೆ. ಕೆಲವು ಲಾಳಿಗಳು ಹೊತ್ತ ಇಂಗಾಲವನ್ನು ಇಳಿಸಬೇಕಾದರೆ ಬಿ12 ಜೀವಸತ್ವದ ಕೈ ಬೇಕು. ಬಿ12 ಇಲ್ಲದಿದ್ದರೆ ನೂಲು ತುಂಬಿದ ಲಾಳಿಗಳು ಒಂದು ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಫೋಲೇಟ್ ಇದ್ದೂ ಇಲ್ಲದಂತೆ. ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ಮಾತ್ರೆ ನುಂಗಿದರೆ ಹೊಸ ಲಾಳಿಗಳು ಬೇರೆ ಬಾಗಿಲಿನಿಂದ ಬಂದು ರಕ್ತವೇನೋ ಸರಿಹೋಗುತ್ತದೆ, ಆದರೆ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಒಳಗೊಳಗೇ ನಡೆದಿರುತ್ತದೆ. ಯಾವ ಸೊಪ್ಪಿನಲ್ಲೂ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಹಳ್ಳಿಯ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸಿ 2008ರಲ್ಲಿ ವರದಿ ಮಾಡಿತು: ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೆಯ ವಯಸ್ಸಿಗೇ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವ ಲಕ್ಷಣ ಹೆಚ್ಚು. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ 5 ಮಿಲಿಗ್ರಾಂ ಮಾತ್ರೆಯನ್ನು ಡಾಕ್ಟರು ಹೇಳದೆ ನುಂಗಬಾರದು ಎನ್ನಲು ಇದೇ ಕಾರಣ. ಮಾತ್ರೆಯಾಗಿ ಸಾಮಾನ್ಯವಾಗಿ ಬೇಕಾದ 400 ಮೈಕ್ರೊಗ್ರಾಂಗೆ ಹೋಲಿಸಿದರೆ ಅದು ಹನ್ನೆರಡು ಪಟ್ಟಿಗೂ ಜಾಸ್ತಿ.

ಇನ್ನು ಸೊಪ್ಪಿನ ಲೆಕ್ಕ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ 140ರಿಂದ 200 ಮೈಕ್ರೊಗ್ರಾಂ ಫೋಲೇಟ್ ಇದೆ. ಬೇಯಿಸಿ ನೀರು ಬಸಿದರೆ ಅರ್ಧದಷ್ಟು ನೀರಿನ ಜೊತೆ ಹೋಗುತ್ತದೆ. ಬಸಿದ ನೀರನ್ನೇ ಸಾರು ಮಾಡುವ ಬಸ್ಸಾರು ಈ ದೃಷ್ಟಿಯಿಂದ ಜಾಣ ಅಡುಗೆ. ಮುಂಬಯಿಯ ಮನೆಗಳಲ್ಲಿ ದಿನನಿತ್ಯ ಆಗುವ ಮೊಳಕೆ ಹೆಸರಿನ ಉಸಳ್, ಕಡಲೆ, ಅಲಸಂದೆ ಕೂಡ ಫೋಲೇಟಿನ ಒಳ್ಳೆಯ ಮೂಲಗಳೇ. ಆದರೆ ಬಸುರಿಗೆ ದಿನಕ್ಕೆ ಬೇಕಾದದ್ದು ಸುಮಾರು 600 ಮೈಕ್ರೊಗ್ರಾಂ. ಆಹಾರದ ಫೋಲೇಟ್ ಮಾತ್ರೆಯಲ್ಲಿರುವುದರಷ್ಟು ಚೆನ್ನಾಗಿ ಮೈಗೆ ಹತ್ತುವುದೂ ಇಲ್ಲ. ಮಾತ್ರೆ ಬೇಕಾಗುವುದು ಇಲ್ಲಿ.

ಅದಕ್ಕಿಂತ ದೊಡ್ಡ ಮಾತು ಸಮಯದ್ದು. ಕೂಸಿನ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟು ತಪ್ಪಿದೆ ಎಂದು ಗೊತ್ತಾಗುವ ಹೊತ್ತಿಗೆ ಅದರಲ್ಲಿ ಅರ್ಧ ಕಾಲ ಕಳೆದಿರುತ್ತದೆ. ಏಳು ದೇಶಗಳ 33 ಕೇಂದ್ರಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಹೊರಬಂತು. ಮೊದಲೊಮ್ಮೆ ನರನಾಳ ಮುಚ್ಚದ ದೋಷವಿದ್ದ ಮಗುವನ್ನು ಹೊತ್ತ ತಾಯಂದಿರು ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಸಿಡ್ ಶುರುಮಾಡಿದಾಗ ಅದು ಮರುಕಳಿಸುವ ಸಂಭವ ಶೇ. 72ರಷ್ಟು ತಗ್ಗಿತ್ತು. ಪೋಷಕಾಂಶದ ಬಗ್ಗೆ ಇಷ್ಟು ಖಚಿತವಾದ ಪುರಾವೆ ವೈದ್ಯಕೀಯದಲ್ಲಿ ಅಪರೂಪ.

ಹಾಗಾದರೆ ಊಟವನ್ನೇ ಮೊದಲಿನಿಂದ ಸುಧಾರಿಸಿದರೆ? ಈ ಪ್ರಶ್ನೆಯನ್ನೂ ಮುಂಬಯಿಯೇ ಕೈಗೆತ್ತಿಕೊಂಡಿತು. 2006ರಲ್ಲಿ ಡಾ. ರಮೇಶ್ ಪೋತದಾರ್, ಇಂಗ್ಲೆಂಡಿನ ಸೌತಾಂಪ್ಟನ್‌ನ ಕ್ಯಾರೊಲೈನ್ ಫಾಲ್ ಮತ್ತು ಸಂಗಡಿಗರು ನಗರದ ಕೊಳೆಗೇರಿಗಳಲ್ಲಿ 'ಸರಸ್' ಯೋಜನೆ ಆರಂಭಿಸಿದರು. ಮಕ್ಕಳು ಬೇಕೆಂದಿದ್ದ 6,513 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿ. ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥವುಗಳ ತಿಂಡಿ. ಗರ್ಭ ನಿಲ್ಲುವ ಮೊದಲಿನಿಂದ ಹೆರಿಗೆಯವರೆಗೂ ಕೊಟ್ಟರು.

ಫಲಿತಾಂಶ ಓದಿ ಕುಣಿಯಬೇಕಾಗಿಲ್ಲ. ಎಲ್ಲ ತಾಯಂದಿರನ್ನೂ ಲೆಕ್ಕಕ್ಕೆ ಹಿಡಿದರೆ ಮಗುವಿನ ತೂಕದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳು ಮೊದಲೇ ತಿಂಡಿ ಶುರುಮಾಡಿದವರಲ್ಲಿ ಮಾತ್ರ ಸರಾಸರಿ 48 ಗ್ರಾಂ ಹೆಚ್ಚು. ಅದೂ ಮೊದಲೇ ತೀರ ಬಡಕಲಾಗಿದ್ದ ತಾಯಂದಿರಿಗೆ ಈ ಲಾಭ ದಕ್ಕಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು 2016ರಲ್ಲಿ ಪ್ರಕಟವಾದ ಇನ್ನೊಂದು ಅಂಕಿ. ಬಸುರಿನಲ್ಲಿ ಬರುವ ಮಧುಮೇಹ ಆಲೂಗಡ್ಡೆ ಗುಂಪಿನಲ್ಲಿ ಶೇ. 12.4, ಸೊಪ್ಪಿನ ಗುಂಪಿನಲ್ಲಿ ಶೇ. 7.3. ಇದು ಸೊಪ್ಪಿನ ಗುಣವೋ ಹಣ್ಣಿನದೋ ಹಾಲಿನದೋ ಎಂದು ಬಿಡಿಸಿ ಹೇಳಲಾಗದು, ತಿಂಡಿಯಲ್ಲಿ ಮೂರೂ ಇದ್ದವು. ನುಗ್ಗೆ ಸೊಪ್ಪಿನ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ 'ಸೂಪರ್‌ಫುಡ್' ಎಂದು ನೂರಾರು ರೂಪಾಯಿಗೆ ಮಾರುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಕೆಲಸ ಮಾಡಿದ್ದು ದಿನವೂ ತಪ್ಪದೆ ತಿಂದ ಸಾಮಾನ್ಯ ತಿಂಡಿ.

ಡೊಂಬಿವಲಿಯ ಓದುಗರು ಸೊಸೆಯ ಮಾತ್ರೆ ನಿಲ್ಲಿಸದಿರಲಿ. ರಕ್ತಪರೀಕ್ಷೆಯ ಜೊತೆ ಬಿ12 ಕೂಡ ನೋಡಿಸಲಿ, ಮನೆಯಲ್ಲಿ ಮೀನು, ಮೊಟ್ಟೆ ಬಳಕೆಯಿಲ್ಲದಿದ್ದರೆ ತಪ್ಪದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದಿರಲಿ. ಮನೆಯಲ್ಲಿ ಹೊಸದಾಗಿ ಮದುವೆಯಾದ ಇನ್ನೊಬ್ಬ ಮಗಳೋ ಸೊಸೆಯೋ ಇದ್ದರೆ, ಮಗು ಬೇಕೆಂದು ತೀರ್ಮಾನಿಸಿದ ದಿನವೇ ಡಾಕ್ಟರ ಬಳಿ ಹೋಗಿ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಶುರುಮಾಡಲು ಹೇಳಿ. ಮುಟ್ಟು ತಪ್ಪುವವರೆಗೆ ಕಾಯಬೇಡಿ.