ಮೇಣಕ್ಕಿಂತ ಮೊದಲು ಬತ್ತಿ

ಗಾಜಿನ ಲೋಟಕ್ಕೆ ಮೇಣ ಹುಯ್ದು ಕ್ಯಾಂಡಲ್ ಮಾಡಲು ಹೊರಟವರ ಮನಸ್ಸು ಮೊದಲು ಹೋಗುವುದು ಮಲ್ಲಿಗೆಯೋ ಶ್ರೀಗಂಧವೋ ಎಂಬ ಪರಿಮಳದ ಕಡೆಗೆ, ಆಮೇಲೆ ಲೋಟದ ಚೆಂದದ ಕಡೆಗೆ. ಬತ್ತಿಯನ್ನು ಯಾರೂ ಆರಿಸುವುದಿಲ್ಲ; ಸಾಮಾನಿನ ಜೊತೆ ಯಾವುದು ಬಂತೋ ಅದೇ ಆಗುತ್ತದೆ. ಆದರೆ ಕೆಟ್ಟ ಕ್ಯಾಂಡಲ್‌ಗಳ ದೋಷಗಳನ್ನು ಗಮನಿಸಿ: ನಡುವೆ ಆಳವಾದ ಕುಳಿ ಬಿದ್ದು ಸುತ್ತಲಿನ ಮೇಣ ಹಾಗೆಯೇ ಉಳಿಯುವುದು, ಲೋಟದ ಬಾಯಿಗೆ ಮಸಿ ಹಿಡಿಯುವುದು, ಕರಗಿದ ಮೇಣದಲ್ಲಿ ಉರಿ ಮುಳುಗಿ ಆರುವುದು, ಗಾಜು ಮುಟ್ಟಲಾಗದಷ್ಟು ಕಾಯುವುದು. ಇವುಗಳಲ್ಲಿ ಹೆಚ್ಚಿನವು ಬತ್ತಿ ಹೊಂದದೆ ಬಂದ ದೋಷಗಳೇ. ಲೋಟ, ಮೇಣ, ಪರಿಮಳ ಈ ಮೂರೂ ಗೊತ್ತಾದ ಮೇಲೆ, ಅವಕ್ಕೆ ಒಪ್ಪುವ ಬತ್ತಿಯನ್ನು ಉರಿಸಿ ನೋಡಿಯೇ ಕಂಡುಕೊಳ್ಳಬೇಕು. ಇದಕ್ಕೆ ಬೇರೆ ಅಡ್ಡದಾರಿಯಿಲ್ಲ ಎಂಬುದು ನನ್ನ ವಾದ.

ಉರಿಯುತ್ತಿರುವುದು ಬತ್ತಿ ಎಂದು ಕಣ್ಣಿಗೆ ಕಾಣುತ್ತದೆ. ನಿಜಕ್ಕೂ ಉರಿಯುವುದು ಮೇಣದ ಆವಿ. ಕಾವಿಗೆ ಕರಗಿದ ಮೇಣ ನೂಲಿನೆಳೆಗಳ ಸಂದಿನಲ್ಲಿ ಮೇಲೇರಿ, ತುದಿಯಲ್ಲಿ ಆವಿಯಾಗಿ ಹೊತ್ತಿಕೊಳ್ಳುತ್ತದೆ. 1860ರ ಡಿಸೆಂಬರ್ ಕೊನೆಯಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಕ್ಕಳಿಗಾಗಿ ಆರಂಭಿಸಿದ ಆರು ಉಪನ್ಯಾಸಗಳಲ್ಲಿ ಇದನ್ನು ಮಾಡಿಯೇ ತೋರಿಸಿದರು. ಗಾಳಿ ಕದಡದಂತೆ ಮೆಲ್ಲನೆ ಆರಿಸಿದ ಕ್ಯಾಂಡಲ್‌ನಿಂದ ಏಳುವ ಆವಿಗೆ ಎರಡು ಮೂರು ಅಂಗುಲ ದೂರದಲ್ಲಿ ಉರಿಯುವ ಕಡ್ಡಿ ಹಿಡಿದರೆ, ಉರಿ ಆ ಆವಿಯ ಜಾಡು ಹಿಡಿದು ಬತ್ತಿಗೆ ಬಂದು ಕೂರುತ್ತದೆ. ಅಂದಮೇಲೆ ಬತ್ತಿಯ ಕೆಲಸ ಮೇಣವನ್ನು ಅಳತೆಯಲ್ಲಿ ಒದಗಿಸುವುದು. ಅಳತೆ ಮೀರಿದರೆ ಆವಿಗೆ ತಕ್ಕಷ್ಟು ಗಾಳಿ ಸಿಗದೆ, ಉರಿಯದ ಇಂಗಾಲ ಮಸಿಯಾಗಿ ಏಳುತ್ತದೆ, ಬತ್ತಿಯ ತುದಿಯಲ್ಲಿ ಕರಿಗಂಟಾಗಿ ನಿಲ್ಲುತ್ತದೆ. ಕಡಿಮೆಯಾದರೆ ಉರಿ ಸಣ್ಣದಾಗಿ, ಅಂಚಿನ ಮೇಣ ಕರಗುವುದೇ ಇಲ್ಲ.

ದೇವರ ದೀಪಕ್ಕೆ ಮನೆಯಲ್ಲೇ ಹತ್ತಿ ಹೊಸೆದು ಬತ್ತಿ ಮಾಡಬಲ್ಲವರಿಗೆ ಅಂಗಡಿಯ ಬತ್ತಿ ಏಕೆ ಎಂದು ಕೇಳುವುದು ಸಹಜ. ಆದರೆ ಹಣತೆಯಲ್ಲಿ ಎಣ್ಣೆ ಮೊದಲೇ ದ್ರವವಾಗಿರುತ್ತದೆ, ಬತ್ತಿ ಅಂಚಿಗೆ ಒರಗಿರುತ್ತದೆ, ಕರಿ ಕಟ್ಟಿದರೆ ಯಾರಾದರೂ ಮುಂದೆ ಸರಿಸುತ್ತಾರೆ. ಕ್ಯಾಂಡಲ್‌ನ ಬತ್ತಿ ಕರಗಿದ ಮೇಣದ ನಡುವೆ ಒಂಟಿಯಾಗಿ ನೆಟ್ಟಗೆ ನಿಲ್ಲಬೇಕು, ಜೊತೆಗೆ ತನ್ನ ಉದ್ದವನ್ನು ತಾನೇ ತಗ್ಗಿಸಿಕೊಳ್ಳಬೇಕು. ಹೊಸೆದ ನೂಲಿಗೆ ಇದು ಆಗದೆ, ಯುರೋಪಿನಲ್ಲಿ ಒಂದು ಕಾಲಕ್ಕೆ ಕ್ಯಾಂಡಲ್‌ನ ಕರಕಲು ತುದಿಯನ್ನು ಆಗಾಗ ಕತ್ತರಿಸುತ್ತಲೇ ಇರಬೇಕಿತ್ತು. 1825ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಜಡೆಯ ಹಾಗೆ ಹೆಣೆದ ಬತ್ತಿಯನ್ನು ತಂದರು. ಹೆಣೆದ ಬತ್ತಿ ಉರಿಯುತ್ತಾ ಬಾಗುತ್ತದೆ, ತುದಿ ಜ್ವಾಲೆಯ ಹೊರ ಅಂಚಿನಲ್ಲಿ ಗಾಳಿಗೆ ಸಿಕ್ಕಿ ಬೂದಿಯಾಗುತ್ತದೆ. ನನ್ನ ಮಟ್ಟಿಗೆ ಕ್ಯಾಂಡಲ್‌ನ ಇತಿಹಾಸದಲ್ಲಿ ಇದಕ್ಕಿಂತ ಜಾಣ ಸುಧಾರಣೆ ಇಲ್ಲ. ಇಂದಿನ ಹತ್ತಿ ಬತ್ತಿಗಳೂ ಹೆಣೆದವೇ. ಕೆಲವಕ್ಕೆ ನೆಟ್ಟಗೆ ನಿಲ್ಲಲೆಂದು ಒಳಗೆ ಕಾಗದದ ಅಥವಾ ಸತುವಿನ ಎಳೆ ಇರುತ್ತದೆ. ಹಿಂದೆ ಸೀಸದ ಎಳೆಯನ್ನೂ ಬಳಸುತ್ತಿದ್ದರು, ಅದರ ಹೊಗೆ ವಿಷವೆಂದು ಅಮೆರಿಕ 2003ರಲ್ಲಿ ನಿಷೇಧಿಸಿತು. ಮೂಲ ತಿಳಿಯದ ಲೋಹದೆಳೆಯ ಬತ್ತಿಯನ್ನು ಕೊಳ್ಳದಿರುವುದೇ ಲೇಸು.

ಗಾತ್ರದ ಪ್ರಶ್ನೆಗೆ ಬತ್ತಿ ತಯಾರಕರ ಪಟ್ಟಿಗಳಿವೆಯಲ್ಲ, ಅಷ್ಟು ಸಾಲದೇ? ಪಟ್ಟಿ ಬೇಕೇ ಬೇಕು, ಶುರು ಮಾಡುವುದು ಅಲ್ಲಿಂದಲೇ. ಲೋಟದ ಒಳವ್ಯಾಸವನ್ನು ಅಳೆದು (ಗಾಜಿನ ದಪ್ಪ ಸೇರಿಸದೆ) ಪಟ್ಟಿ ನೋಡಬೇಕು. ಆದರೆ ಪಟ್ಟಿ ಮಾಡಿದವರಿಗೆ ನಿಮ್ಮ ಲೋಟ ಗೊತ್ತಿಲ್ಲ, ನಿಮ್ಮ ಪರಿಮಳ ಗೊತ್ತಿಲ್ಲ. ಒಂದೇ ಅಗಲದ ಲೋಟಕ್ಕೂ ಸೋಯಾ ಮೇಣವಾದರೆ ಪ್ಯಾರಾಫಿನ್‌ಗಿಂತ ದಪ್ಪ ಬತ್ತಿ ಬೇಕಾಗುವುದು ಸಾಮಾನ್ಯ. ಜೇನುಮೇಣ ಕರಗಲು 62ರಿಂದ 64 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಅದು ಇನ್ನೂ ಬಲವಾದ ಉರಿ ಕೇಳುತ್ತದೆ. ಮೇಣದ ತೂಕದ ಶೇ 6ರಿಂದ 10ರಷ್ಟು ಬೆರೆಸುವ ಸುಗಂಧದೆಣ್ಣೆ ಈ ಲೆಕ್ಕವನ್ನು ಮತ್ತೆ ಬದಲಿಸುತ್ತದೆ. ಮೇಣದಲ್ಲಿ ಕರಗದ ಬಣ್ಣದ ಪುಡಿ ಹಾಕಿದರಂತೂ ಅದರ ಕಣಗಳು ನೂಲಿನ ಸಂದು ಮುಚ್ಚಿ, ಒಳ್ಳೆಯ ಬತ್ತಿಯೂ ಸೊರಗುತ್ತದೆ. ಸಾಲದ್ದಕ್ಕೆ, ಪ್ರತಿ ತಯಾರಕರ ನಂಬರು ಅವರವರದೇ. ಒಬ್ಬರ 8 ಇನ್ನೊಬ್ಬರ 8 ಅಲ್ಲ.

ಆದ್ದರಿಂದ ಹೊಸಬರು ಒಂದು ಲೋಟ, ಒಂದು ಮೇಣ, ಒಂದು ಪರಿಮಳಕ್ಕೆ ಗಟ್ಟಿಯಾಗಿ ನಿಲ್ಲಬೇಕು. ಪಟ್ಟಿ ಹೇಳಿದ ಬತ್ತಿ, ಅದಕ್ಕಿಂತ ಒಂದು ನಂಬರು ಸಣ್ಣದು, ಒಂದು ದೊಡ್ಡದು, ಹೀಗೆ ಮೂರು ಲೋಟ ತಯಾರಿಸಿ, ಸೋಯಾ ಮೇಣವಾದರೆ ಒಂದೆರಡು ವಾರ ಬಿಟ್ಟು ಹಚ್ಚಬೇಕು. ಪ್ರತಿ ಸಲವೂ ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ, ಫ್ಯಾನ್ ನಿಲ್ಲಿಸಿಯೇ ಉರಿಸಬೇಕು. ಗಾಳಿಗೆ ಅಲುಗುವ ಉರಿ ಯಾವ ಬತ್ತಿಯಲ್ಲೂ ಮಸಿ ಕಾರುತ್ತದೆ. ವ್ಯಾಸದ ಪ್ರತಿ 2.5 ಸೆಂಟಿಮೀಟರಿಗೆ ಸುಮಾರು ಒಂದು ಗಂಟೆ ಎಂದರೆ, 7 ಸೆಂಟಿಮೀಟರಿನ ಲೋಟಕ್ಕೆ ಮೂರು ಗಂಟೆ, ನಾಲ್ಕು ದಾಟಿಸಬಾರದು. ಅಷ್ಟರಲ್ಲಿ ಮೇಣ ಅಂಚಿನ ಹತ್ತಿರದವರೆಗೆ, ಅರ್ಧದಿಂದ ಒಂದು ಸೆಂಟಿಮೀಟರ್ ಆಳ ಕರಗಿರಬೇಕು. ಇಲ್ಲಿ ಅವಸರದ ತೀರ್ಪು ಬೇಡ. ಮೇಣ ಇಳಿದಂತೆ ಉರಿಯೂ ಲೋಟದೊಳಕ್ಕೆ ಇಳಿಯುತ್ತದೆ, ಸುತ್ತಲ ಗಾಜು ಕಾವನ್ನು ಹಿಡಿದಿಡುತ್ತದೆ. ಮೊದಲ ಸಲವೇ ಅಂಚು ಮುಟ್ಟಿ ಬೀಗಿದ ಬತ್ತಿ ಅರ್ಧ ಲೋಟಕ್ಕೆ ಬರುವಾಗ ಅತಿಯಾಗಬಹುದು. ಮೊದಲ ಸಲ ಅಂಚಿನಲ್ಲಿ ತುಸು ಮೇಣ ಉಳಿಸಿದ್ದೇ ಎಷ್ಟೋ ಸಲ ಸರಿಯಾದ ಬತ್ತಿ.

ಇಷ್ಟೆಲ್ಲ ಉರಿಸಿ ನೋಡುವುದು ದಂಡವೆನ್ನುವವರಿದ್ದಾರೆ. ಹೊಂದದ ಲೋಟದಲ್ಲಿ ಉಳಿದ ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಮುಂದಿನ ಪರೀಕ್ಷೆಗೆ ಬಳಸಬಹುದು. ನಷ್ಟ ಅವರು ಹೇಳುವಷ್ಟಿಲ್ಲ. ದಪ್ಪ ಬತ್ತಿ ಹಾಕಿಬಿಟ್ಟರೆ ಎಲ್ಲ ಕರಗುತ್ತದಲ್ಲ ಎನ್ನುವವರೂ ಇದ್ದಾರೆ. ಕರಗುತ್ತದೆ ನಿಜ, ಜೊತೆಗೆ ಉರಿ ಉದ್ದವಾಗಿ ಗಾಜು ಕಾಯುತ್ತದೆ. 10 ಸೆಂಟಿಮೀಟರಿನಷ್ಟು ಅಗಲದ ಪಾತ್ರೆಗೆ ಒಂದು ದಪ್ಪ ಬತ್ತಿಗಿಂತ ಎರಡು ಸಣ್ಣವು ಮೇಲು. ಕಾವು ಒಂದೇ ಕಡೆ ಕೂಡದೆ ಹರಡುತ್ತದೆ. ಗಾಜು ಬಿರುಕು ಬಿಡುವ ಅಪಾಯ ಹೆಚ್ಚಿರುವುದು ಮೇಣ ತಳ ಸೇರಿದಾಗ. ಬತ್ತಿಯ ಲೋಹದ ಪಾದಕ್ಕೆ ಪುಟ್ಟ ಕತ್ತು ಇಟ್ಟಿರುವುದೂ ಅದಕ್ಕೇ: ತಳದಲ್ಲಿ ತುಸು ಮೇಣ ಉಳಿದಿರುವಾಗಲೇ ಬತ್ತಿಗೆ ಅದು ಎಟುಕದೆ ಉರಿ ಆರಬೇಕು. ಹಾಗಾಗಿ ಉಡುಗೊರೆ ಕೊಡುವ, ಮಾರುವ ಮೊದಲು ಒಂದು ಲೋಟವನ್ನಾದರೂ ಮೇಲಿನಿಂದ ಕೊನೆಯ ಒಂದು ಸೆಂಟಿಮೀಟರ್‌ವರೆಗೆ ಎದುರಿಗೆ ಕೂತು ಉರಿಸಿರಬೇಕು. ಪರಿಮಳ ಬದಲಿಸಿದಾಗ ಇದೇ ಪರೀಕ್ಷೆ ಮತ್ತೆ ಮೊದಲಿನಿಂದ.