ಕೂದಲು ಉದುರುವಿಕೆಗೆ ರಕ್ತರೋಗದ ಮಾತ್ರೆ: ಸಾರ್ವಜನಿಕರ ತಿಳಿವಳಿಕೆಗಾಗಿ

ತಲೆಯಲ್ಲಿ ಕಾಸಿನಗಲ ಕೂದಲು ದುಂಡಗೆ ಉದುರಿ ನುಣುಪಾದ ಚರ್ಮ ಕಾಣಿಸಿಕೊಂಡರೆ, ಹುಳು ತಿಂದಿದೆಯೆಂದು ಹೇಳುವವರು ಇನ್ನೂ ಇದ್ದಾರೆ. ಅದು ಹುಳುವಿನ ಕೆಲಸವಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. (ಹೊಟ್ಟು, ತುರಿಕೆ ಇದ್ದರೆ ಶಿಲೀಂಧ್ರದ ಸೋಂಕಿರಬಹುದು, ಅದರ ಮಾತು ಬೇರೆ.) ಅಲೋಪೇಸಿಯಾ ಏರಿಯೇಟಾ ಎಂಬ ಈ ತೊಂದರೆಯಲ್ಲಿ ದೇಹದ ರೋಗನಿರೋಧಕ ಕಣಗಳೇ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತವೆ. ಬುಡ ನಾಶವಾಗದಿರುವುದರಿಂದ ಕೂದಲು ಮರಳಿ ಬೆಳೆಯಬಲ್ಲದು. ಸಣ್ಣ ಮಚ್ಚೆಗಳು ಎಷ್ಟೋ ವೇಳೆ ಔಷಧವಿಲ್ಲದೆಯೇ ತುಂಬಿಕೊಳ್ಳುತ್ತವೆ.

ಈ ತೊಂದರೆಗೆ ಪ್ರಯೋಗವಾಗಿ ಬಳಸಿದ ಔಷಧಗಳಲ್ಲಿ ರುಕ್ಸೊಲಿಟಿನಿಬ್ ಒಂದು. ಅಸ್ಥಿಮಜ್ಜೆ ನಾರುಗಟ್ಟಿ ಗುಲ್ಮ ಊದಿಕೊಳ್ಳುವ ಮೈಲೋಫೈಬ್ರೋಸಿಸ್ ಎಂಬ ರಕ್ತರೋಗಕ್ಕಾಗಿ ಅಮೆರಿಕದಲ್ಲಿ 2011ರಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. 2014ರಲ್ಲಿ ಅಲ್ಲಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಲೋಪೇಸಿಯಾ ಏರಿಯೇಟಾ ಇದ್ದ 3 ಮಂದಿಗೆ ಈ ಮಾತ್ರೆ ನೀಡಿದಾಗ, 5 ತಿಂಗಳೊಳಗೆ ಅವರ ಕೂದಲು ಬಹುತೇಕ ಮರಳಿತು. 2016ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಲ್ಲಿ 12 ಮಂದಿಯ ಪೈಕಿ 9 ಮಂದಿಗೆ ಗುಣ ಕಂಡಿತು. ಮಾತ್ರೆ ನಿಲ್ಲಿಸಿದ ಮೇಲೆ ಕೂದಲು ಮತ್ತೆ ಉದುರತೊಡಗಿತು. ಇದೇ ವರ್ಗದ ಬ್ಯಾರಿಸಿಟಿನಿಬ್ ಮಾತ್ರೆಗೆ 2022ರಲ್ಲಿ, ತೀವ್ರ ಸ್ವರೂಪದ ತೊಂದರೆಯುಳ್ಳ ವಯಸ್ಕರಿಗಾಗಿ, ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ವಂಶಪಾರಂಪರ್ಯವಾಗಿ ಬರುವ ಸಾಮಾನ್ಯ ಬೋಳುತನದ ಕಾರಣ ಬೇರೆಯಾದುದರಿಂದ, ಈ ಅನುಮೋದನೆ ಅದಕ್ಕೆ ಅನ್ವಯಿಸುವುದಿಲ್ಲ.

ರಕ್ತದ ಮಾತ್ರೆಗೂ ಕೂದಲಿಗೂ ಇರುವ ನಂಟು ಜಾಕ್ ಎಂಬ ಕಿಣ್ವದ್ದು. ರೋಗನಿರೋಧಕ ಕಣಗಳಿಗೆ ದಾಳಿಯ ಸಂದೇಶ ಮುಟ್ಟುವುದು ಇದರ ಮೂಲಕ. ಹೊಸ ರಕ್ತಕಣಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಗೆ ಸೂಚನೆ ಹೋಗುವುದೂ ಇದರ ಮೂಲಕವೇ. ಒಂದನ್ನು ತಡೆದರೆ ಇನ್ನೊಂದೂ ಕುಗ್ಗುತ್ತದೆ. ಆದ್ದರಿಂದ ರುಕ್ಸೊಲಿಟಿನಿಬ್ ಸೇವಿಸುವವರಲ್ಲಿ ಹಿಮೋಗ್ಲೋಬಿನ್ ಹಾಗೂ ಪ್ಲೇಟ್‌ಲೆಟ್ ಇಳಿಯಬಹುದು, ದೇಹದಲ್ಲಿ ಸುಪ್ತವಾಗಿದ್ದ ಕ್ಷಯ ಮರುಕಳಿಸಬಹುದು, ಸರ್ಪಸುತ್ತು ಕಾಣಿಸಿಕೊಳ್ಳಬಹುದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ವಿಶೇಷವಾಗಿ ಗಮನಾರ್ಹ. ತಲೆತುಂಬ ಕೂದಲು ತೆಳುವಾಗುವುದಕ್ಕೆ ಕಬ್ಬಿಣಾಂಶದ ಕೊರತೆಯೂ ಕಾರಣವಾಗಬಹುದು. ರಕ್ತಹೀನತೆಯುಳ್ಳವರು ಯಾರದೋ ಮಾತು ಕೇಳಿ ಈ ಮಾತ್ರೆ ನುಂಗಿದರೆ, ಇದ್ದ ರಕ್ತವೂ ಕಡಿಮೆಯಾದೀತು. ಅಂಥವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು.

ದುಂಡು ಮಚ್ಚೆಗಳು ಹೆಚ್ಚುತ್ತಿದ್ದಲ್ಲಿ ಚರ್ಮರೋಗ ತಜ್ಞರನ್ನು ಕಾಣತಕ್ಕದ್ದು. ತಜ್ಞರು ಈ ವರ್ಗದ ಔಷಧವನ್ನು ಸೂಚಿಸಿದರೆ, ಆರಂಭಕ್ಕೆ ಮುನ್ನ ಕ್ಷಯ ಹಾಗೂ ರಕ್ತಕಣಗಳ ಪರೀಕ್ಷೆ ಆಗಿರಬೇಕು. ರಕ್ತರೋಗಕ್ಕಾಗಿ ಈಗಾಗಲೇ ರುಕ್ಸೊಲಿಟಿನಿಬ್ ಸೇವಿಸುತ್ತಿರುವವರು ಅದನ್ನು ಇತರರಿಗೆ ಕೊಡಬಾರದು. ವೈದ್ಯರನ್ನು ಕೇಳದೆ ತಾವಾಗಿ ನಿಲ್ಲಿಸಲೂಬಾರದು, ಏಕೆಂದರೆ ಹಠಾತ್ತನೆ ನಿಲ್ಲಿಸಿದಾಗ ರೋಗಲಕ್ಷಣಗಳು ಕೆಲವೇ ದಿನಗಳಲ್ಲಿ ಮರಳುವುದುಂಟು.