ಶಾರ್ಕೂಟರಿ ಬೋರ್ಡ್: ಒಂದು ಹಲಗೆ, ಸ್ವಲ್ಪ ಉಪ್ಪು, ತುಂಬಾ ಕೆಮಿಸ್ಟ್ರಿ

ಡಿಸೆಂಬರ್ ಬಂತು ಅಂದ್ರೆ ಇನ್‌ಸ್ಟಾಗ್ರಾಂನಲ್ಲಿ ಒಂದೇ ಥರದ ರೀಲ್‌ಗಳು. ದೊಡ್ಡ ಮರದ ಹಲಗೆ, ಅದರ ಮೇಲೆ ಗುಲಾಬಿ ಹೂವಿನ ಹಾಗೆ ಸುತ್ತಿಟ್ಟ ತೆಳು ಮಾಂಸ, ಮೂರ್ನಾಲ್ಕು ಬಗೆಯ ಚೀಸ್, ದ್ರಾಕ್ಷಿ, ಅಂಜೂರ, ಬಾದಾಮಿ, ಕ್ರ್ಯಾಕರ್ ಬಿಸ್ಕತ್ತು, ನಡುನಡುವೆ ರೋಸ್‌ಮೇರಿ ಕಡ್ಡಿ. ಇದಕ್ಕೆ ಶಾರ್ಕೂಟರಿ ಬೋರ್ಡ್ ಅಂತಾರೆ. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್‌ನಿಂದ ಹೊಸ ವರ್ಷದ ತನಕ ಮನೆಗೆ ಅತಿಥಿಗಳು ಬಂದ್ರೆ ಊಟಕ್ಕೆ ಮುಂಚೆ ಇದನ್ನ ಟೇಬಲ್ ಮೇಲೆ ಇಡೋದು ಈಗ ವಾಡಿಕೆ. ನಮ್ಮ ಸೀನಿಯರ್‌ಗಳಲ್ಲಿ ಪ್ರತಿ ವರ್ಷ ಒಂದಷ್ಟು ಜನ ಎಂ.ಎಸ್. ಮಾಡೋಕೆ ಆ ಕಡೆ ಹೋಗ್ತಾರೆ. ಅಲ್ಲಿ ಇಂಥ ಹಲಗೆಯ ಮುಂದೆ ಕೂರೋದು, ಇಲ್ಲಾ ತಾವೇ ಒಂದನ್ನ ಜೋಡಿಸೋದು ಇವತ್ತಲ್ಲ ನಾಳೆ ಬರೋ ಪರಿಸ್ಥಿತಿ.

ರೀಲ್ ನೋಡಿದ್ರೆ ಇದು ಬರೀ ಅಲಂಕಾರದ ಕೆಲಸ ಅನ್ಸತ್ತೆ. ಆದ್ರೆ ಆ ಹಲಗೆ ಮೇಲಿರೋ ಮುಖ್ಯ ಪದಾರ್ಥಗಳೆಲ್ಲ ಫ್ರಿಜ್ ಇಲ್ಲದ ಕಾಲದಲ್ಲಿ ಜನ ಚಳಿಗಾಲ ದಾಟೋಕೆ ಕಂಡುಕೊಂಡ ಉಪಾಯಗಳು. ಮಾಂಸ, ಹಾಲು, ಹಣ್ಣು, ತರಕಾರಿ ಎಲ್ಲದಕ್ಕೂ ಪ್ರಶ್ನೆ ಒಂದೇ: ಒಳಗಿನ ನೀರನ್ನ ಏನು ಮಾಡೋದು? ಈ ನೀರಿನ ಲೆಕ್ಕ ಒಂದು ಸಲ ಅರ್ಥ ಆದ್ರೆ ಯಾವುದನ್ನ ಎಲ್ಲಿಡಬೇಕು, ಎಷ್ಟು ಹೊತ್ತು ಇಡಬಹುದು, ಯಾರಿಗೆ ಕೊಡಬಾರದು ಅನ್ನೋದಕ್ಕೆ ರೀಲ್ ನೋಡಬೇಕಾಗಿಲ್ಲ.

ಮೊದಲು ಹೆಸರು. ಫ್ರೆಂಚ್‌ನಲ್ಲಿ ‘ಶೇರ್’ ಅಂದ್ರೆ ಮಾಂಸ, ‘ಕ್ವಿ’ ಅಂದ್ರೆ ಬೇಯಿಸಿದ್ದು. ಎರಡೂ ಸೇರಿ ಶಾರ್ಕೂಟರಿ. 15ನೇ ಶತಮಾನದ ಪ್ಯಾರಿಸ್‌ನಲ್ಲೇ ಬೇಯಿಸಿದ ಹಂದಿಮಾಂಸ ಮಾರುವವರದ್ದು ಪ್ರತ್ಯೇಕ ಕಸುಬು, ಅವರಿಗೆ ಬೇರೆಯೇ ನಿಯಮ. ಇವತ್ತಿಗೂ ಫ್ರಾನ್ಸ್‌ನಲ್ಲಿ ಶಾರ್ಕೂಟರಿ ಅಂದ್ರೆ ಆ ಪದಾರ್ಥಗಳೂ ಹೌದು, ಅದನ್ನ ಮಾರೋ ಅಂಗಡಿಯೂ ಹೌದು. ಅಮೆರಿಕದವರು ಈ ಪದವನ್ನ ಎಷ್ಟು ಎಳೆದಿದ್ದಾರೆ ಅಂದ್ರೆ, ಚಾಕೊಲೇಟ್ ಮತ್ತು ಕುಕಿ ಜೋಡಿಸಿಟ್ಟ ಹಲಗೆಗೂ ಈಗ ಅದೇ ಹೆಸರು. ನನಗೇನೋ ಅದು ಸರಿ ಕಾಣಲ್ಲ, ಇರಲಿ.

ಚಳಿಗಾಲಕ್ಕೂ ಇದಕ್ಕೂ ನಂಟು ಹೇಗೆ ಬಂತು? ಯೂರೋಪಿನ ಹಳ್ಳಿಗಳಲ್ಲಿ ಹಂದಿ ಕಡಿಯೋ ಕಾಲ ನವೆಂಬರ್-ಡಿಸೆಂಬರ್. ಶರತ್ಕಾಲದಲ್ಲಿ ಓಕ್ ಮರದ ಕಾಯಿ ತಿಂದು ಹಂದಿ ಕೊಬ್ಬಿರತ್ತೆ, ಮುಂದೆ ಮೇವು ಸಿಗಲ್ಲ, ಹೊರಗೆ ಚಳಿ ಇರೋದ್ರಿಂದ ಉಪ್ಪು ಒಳಗಿಳಿಯೋ ತನಕ ಮಾಂಸ ಕೆಡಲ್ಲ. ನವೆಂಬರ್ 11 ಸಂತ ಮಾರ್ಟಿನ್ ಹಬ್ಬ. ‘ಪ್ರತಿ ಹಂದಿಗೂ ಅದರ ಸ್ಯಾನ್ ಮಾರ್ಟಿನ್ ಬಂದೇ ಬರತ್ತೆ’ ಅಂತ ಸ್ಪೇನ್‌ನಲ್ಲಿ ಗಾದೆಯೇ ಇದೆ. ಹಾಗಾಗಿ ಕ್ರಿಸ್‌ಮಸ್ ಹೊತ್ತಿಗೆ ಮನೆಯಲ್ಲಿ ಮಾಂಸ ತುಂಬಿರೋದು ಸಹಜ.

ಈಗ ಕೆಮಿಸ್ಟ್ರಿ. ಫಸ್ಟ್ ಇಯರ್‌ನಲ್ಲಿ ರೌಲ್ಟ್ ನಿಯಮ ಓದಿರ್ತೀರಿ, ಪರೀಕ್ಷೆ ಮುಗಿದ ದಿನವೇ ಮರೆತೂ ಇರ್ತೀರಿ. ನೀರಿಗೆ ಏನಾದ್ರೂ ಕರಗಿಸಿದ್ರೆ ಅದರ ಆವಿ ಒತ್ತಡ ಕಡಿಮೆ ಆಗತ್ತೆ. ಒಂದು ಪದಾರ್ಥದ ಮೇಲಿನ ಆವಿ ಒತ್ತಡವನ್ನ ಅದೇ ಉಷ್ಣಾಂಶದ ಶುದ್ಧ ನೀರಿನ ಆವಿ ಒತ್ತಡದಿಂದ ಭಾಗಿಸಿದ್ರೆ ಬರೋ ಸಂಖ್ಯೆಗೆ ವಾಟರ್ ಆಕ್ಟಿವಿಟಿ ಅಂತ ಹೆಸರು. ಶುದ್ಧ ನೀರಿಗೆ ಅದು 1. ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಅನ್ನೋದನ್ನ ಇದು ಹೇಳಲ್ಲ. ಎಷ್ಟು ನೀರು ಬ್ಯಾಕ್ಟೀರಿಯಾದ ಕೈಗೆ ಸಿಗತ್ತೆ ಅನ್ನೋದನ್ನ ಹೇಳತ್ತೆ. ಉಪ್ಪು, ಸಕ್ಕರೆ ಎರಡೂ ನೀರನ್ನ ಹಿಡಿದಿಟ್ಟುಕೊಳ್ಳತ್ತೆ, ಆಗ ನೀರು ಇದ್ರೂ ಇಲ್ಲದ ಹಾಗೆ.

ಹಸಿ ಮಾಂಸದ ವಾಟರ್ ಆಕ್ಟಿವಿಟಿ ಸುಮಾರು 0.99. ಬಾಟ್ಯುಲಿಸಂ ತರೋ ಬ್ಯಾಕ್ಟೀರಿಯಾ ಸುಮಾರು 0.94ಕ್ಕಿಂತ ಕೆಳಗೆ ಬೆಳೆಯಲ್ಲ. ಸ್ಟಾಫಿಲೋಕಾಕಸ್ ಹಟಮಾರಿ, 0.86ರ ತನಕ ತಡೆದುಕೊಳ್ಳತ್ತೆ. 0.6ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲ್ಲ. ಜೇನುತುಪ್ಪ ಆ ಗಡಿಯ ಹತ್ತಿರ ಇದೆ, ಕ್ರ್ಯಾಕರ್ ಅದಕ್ಕಿಂತ ಎಷ್ಟೋ ಕೆಳಗೆ. ನಮ್ಮಜ್ಜಿ ಹಪ್ಪಳ, ಸಂಡಿಗೆನ ಏಪ್ರಿಲ್ ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ತುಂಬಿಡೋದೂ ಇದೇ ಲೆಕ್ಕ. ಅವರಿಗೆ ಬಿಸಿಲು ಸಿಕ್ತು, ಇಟಲಿಯವರಿಗೆ ತಣ್ಣನೆ ಗಾಳಿ ಸಿಕ್ತು.

ಇಟಲಿಯ ಪಾರ್ಮಾದ ಪ್ರೊಶುಟ್ಟೊ ಅಂದ್ರೆ ಹಂದಿಯ ಹಿಂದಿನ ಇಡೀ ತೊಡೆ. ಅದಕ್ಕೆ ಹಾಕೋದು ಸಮುದ್ರದ ಉಪ್ಪು ಮಾತ್ರ. ತಣ್ಣನೆ ಕೋಣೆಯಲ್ಲಿ ಉಪ್ಪು ನಿಧಾನ ಒಳಗಿಳಿಯತ್ತೆ, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ತೂಗಾಡ್ತಾ ಒಣಗತ್ತೆ. ಬೇಯಿಸೋದೇ ಇಲ್ಲ. ಸಲಾಮಿಯ ದಾರಿ ಬೇರೆ. ಅಲ್ಲಿ ಮಾಂಸ, ಕೊಬ್ಬನ್ನ ಕೊಚ್ಚಿ, ಉಪ್ಪು ಬೆರೆಸಿ, ಕರುಳಿನ ಚೀಲಕ್ಕೆ ತುಂಬಿ ಹುಳಿ ಬರಿಸ್ತಾರೆ. ಹೌದು, ಇಡ್ಲಿ ಹಿಟ್ಟು ಹುಳಿ ಬರೋ ಹಾಗೇ! ಎರಡರಲ್ಲೂ ಕೆಲಸ ಮಾಡೋದು ಲ್ಯಾಕ್ಟಿಕ್ ಆಮ್ಲ ತಯಾರಿಸೋ ಬ್ಯಾಕ್ಟೀರಿಯಾಗಳು. ಪಿಎಚ್ ಸುಮಾರು 5ಕ್ಕೆ ಇಳಿಯತ್ತೆ, ಆಮೇಲೆ ವಾರಗಟ್ಟಲೆ ಒಣಗಿಸ್ತಾರೆ. ಉಪ್ಪು, ಹುಳಿ, ಒಣಗಿಸೋದು ಈ ಮೂರರಲ್ಲಿ ಯಾವುದೂ ಒಂಟಿಯಾಗಿ ಸಾಲಲ್ಲ, ಮೂರೂ ಸೇರಿ ಬ್ಯಾಕ್ಟೀರಿಯಾಗೆ ದಾರಿ ಮುಚ್ಚತ್ತೆ.

ಕೊಚ್ಚಿದ ಮಾಂಸದಲ್ಲಿ ಇಷ್ಟೆಲ್ಲ ಜಾಗ್ರತೆ ಯಾಕೆ? ಇಡೀ ತೊಡೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಹೊರಮೈಯಲ್ಲಿ ಇರತ್ತೆ, ಕೊಚ್ಚಿದಾಗ ಒಳಗೆಲ್ಲ ಹರಡತ್ತೆ. ಚೀಲದೊಳಗೆ ಆಮ್ಲಜನಕ ಇಲ್ಲ, ಬಾಟ್ಯುಲಿಸಂಗೆ ಅದೇ ಬೇಕು. ಆ ಕಾಯಿಲೆಯ ಹೆಸರೇ ‘ಬಾಟ್ಯುಲಸ್’ ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು, ಅರ್ಥ ಸಾಸೇಜ್. 1895ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಅನ್ನೋ ಹಳ್ಳಿಯಲ್ಲಿ ಒಂದು ಶವಸಂಸ್ಕಾರಕ್ಕೆ ವಾದ್ಯ ನುಡಿಸೋಕೆ ಬಂದವರು ಊಟಕ್ಕೆ ಉಪ್ಪು ಹಾಕಿಟ್ಟ ಹಂದಿಮಾಂಸ ತಿಂದ್ರು. ಮೂವರು ಸತ್ತೇಹೋದ್ರು. ಎಮಿಲ್ ವಾನ್ ಎರ್ಮೆಂಜೆಮ್ ಅನ್ನೋ ವಿಜ್ಞಾನಿ ಅದೇ ಮಾಂಸದಲ್ಲಿ ಈ ಬ್ಯಾಕ್ಟೀರಿಯಾವನ್ನ ಕಂಡುಹಿಡಿದಿದ್ದು. ಇದನ್ನ ತಡೆಯೋಕೆ ಸಲಾಮಿಗೆ ಅತಿ ಸಣ್ಣ ಪ್ರಮಾಣದಲ್ಲಿ ನೈಟ್ರೈಟ್ ಹಾಕ್ತಾರೆ. ಮಾಂಸ ಹಳೇದಾದ್ರೂ ಕಂದಾಗದೆ ಗುಲಾಬಿ ಬಣ್ಣದಲ್ಲೇ ಉಳಿಯೋದೂ ಅದರಿಂದಲೇ. ಜಾಸ್ತಿ ಆದ್ರೆ ನೈಟ್ರೈಟೇ ವಿಷ.

ಅದಕ್ಕೇ ಹೇಳೋದು, ಹಲಗೆ ಜೋಡಿಸಿ, ಸಲಾಮಿ ಮಾತ್ರ ಮನೆಯಲ್ಲಿ ಮಾಡೋಕೆ ಹೋಗಬೇಡಿ. ಹಗ್ಗಕ್ಕೆ ಮಾಂಸ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕೋ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಬಾಟ್ಯುಲಿಸಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ತೂಕ, ಉಷ್ಣಾಂಶ, ತೇವಾಂಶ ಮೂರನ್ನೂ ಅಳತೆಯಲ್ಲಿ ಇಡೋಕೆ ಆಗದವರು ಕೈ ಹಾಕೋ ಕೆಲಸ ಅಲ್ಲ ಅದು. ಇನ್ನೊಂದು ವಿಷ್ಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2015ರಲ್ಲಿ ಸಂಸ್ಕರಿತ ಮಾಂಸವನ್ನ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಏರತ್ತೆ ಅನ್ನೋದು ಅವರ ಲೆಕ್ಕ. ಹಬ್ಬಕ್ಕೊಂದು ಸಲ ಅನ್ನೋದು ಬೇರೆ, ದಿನಾ ಬೆಳಗ್ಗೆ ಸ್ಯಾಂಡ್‌ವಿಚ್ ಒಳಗೆ ಅನ್ನೋದು ಬೇರೆ.

ಚೀಸ್ ಅಂದ್ರೂ ಅದೇ ಕಥೆ, ಹಾಲಿನ ನೀರು ತೆಗೆದು ಉಪ್ಪು ಹಾಕಿದ್ದು. ಹಲಗೆಗೆ ಮೂರು ಬಗೆ ಸಾಕು: ಬ್ರೀ ಥರ ಮೆತ್ತನೇದು, ಚೆಡ್ಡರ್ ಥರ ಗಟ್ಟಿ, ರೋಕ್‌ಫೋರ್ ಥರ ನೀಲಿ ಗೆರೆ ಇರೋದು. ನೀಲಿ ಗೆರೆ ಅಂದ್ರೆ ಬೂಷ್ಟು, ಬೇಕಂತಲೇ ಬೆಳೆಸಿದ್ದು, ಗಾಬರಿ ಬೇಡ. ಆದ್ರೆ ನಮ್ಮಲ್ಲಿ ಸಸ್ಯಾಹಾರಿಗಳು ಗಮನಿಸಬೇಕಾದ ವಿಷ್ಯ ಒಂದಿದೆ. ಹಾಲು ಒಡೆಸೋಕೆ ಬಳಸೋ ರೆನೆಟ್ ಅನ್ನೋದು ಮೂಲತಃ ಎಳೆಗರುವಿನ ಹೊಟ್ಟೆಯಿಂದ ತೆಗೆಯೋ ಕಿಣ್ವ. ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಕರುವಿನ ರೆನೆಟ್ಟೇ ಆಗಬೇಕು ಅಂತ ನಿಯಮ. ಸೂಕ್ಷ್ಮಜೀವಿಗಳಿಂದ ತೆಗೆದ ರೆನೆಟ್ ಹಾಕಿದ ಚೀಸ್‌ಗಳೂ ಸಿಗತ್ತೆ. ಅಮೆರಿಕದ ಪೊಟ್ಟಣದ ಮೇಲೆ ನಮ್ಮ ಹಸಿರು ಚುಕ್ಕೆ ಇರಲ್ಲ, ಸಣ್ಣ ಅಕ್ಷರ ಓದಲೇಬೇಕು.

ಇನ್ನು ಹಲಗೆ ಮೇಲಿನ ಹುಳಿ. ಕೊಬ್ಬು, ಉಪ್ಪು ತಿಂದ ಬಾಯಿಗೆ ಹುಳಿ ಬೇಕು, ಅದಕ್ಕೆ ವಿನೆಗರ್‌ನಲ್ಲಿ ನೆನೆಸಿದ ಕಿರುಬೆರಳಷ್ಟು ಸೌತೆಕಾಯಿ ಇಡ್ತಾರೆ. ಗರ್ಕಿನ್ ಅಂತ ಕರೆಯೋ ಇದಕ್ಕೆ ನಮ್ಮ ರೈತರು ಹೇಳೋದು ಮಿಡಿ ಸೌತೆ. ಭಾರತದಲ್ಲಿ ಇದರ ಬೆಳೆ ಶುರುವಾಗಿದ್ದು 1990ರ ದಶಕದ ಆರಂಭದಲ್ಲಿ, ಅದೂ ಕರ್ನಾಟಕದಲ್ಲಿ. ಆಮೇಲೆ ತಮಿಳುನಾಡು, ಆಂಧ್ರಕ್ಕೆ ಹೋಯ್ತು. ಕಂಪನಿಗಳು ರೈತರ ಜೊತೆ ಒಪ್ಪಂದ ಮಾಡಿಕೊಂಡು ಬೀಜ ಕೊಟ್ಟು ಬೆಳೆಸ್ತವೆ, ಕಾಯಿ ಸ್ವಲ್ಪ ದಪ್ಪ ಆದ್ರೂ ದರ ಇಳಿಯತ್ತೆ, ಹಾಗಾಗಿ ದಿನಾ ಕೊಯ್ಯಬೇಕು. ಇಲ್ಲಿ ಯಾರೂ ಅಷ್ಟಾಗಿ ತಿನ್ನಲ್ಲ, ಹೆಚ್ಚುಕಮ್ಮಿ ಎಲ್ಲಾ ಹಡಗು ಹತ್ತಿ ಹೋಗತ್ತೆ. ಅಮೆರಿಕದ ಯಾವುದೋ ಮನೆಯ ಕ್ರಿಸ್‌ಮಸ್ ಹಲಗೆ ಮೇಲೆ ಕೂತಿರೋ ಸೌತೆಕಾಯಿ ನಮ್ಮ ಹೊಲದ್ದೇ ಆಗಿದ್ರೂ ಆಶ್ಚರ್ಯ ಇಲ್ಲ. ಬಾಟಲಿ ತಿರುಗಿಸಿ ಎಲ್ಲಿಯದು ಅಂತ ಓದಿ ನೋಡಿ.

ಈಗ ಲೆಕ್ಕ. ಊಟಕ್ಕೆ ಮುಂಚಿನ ತಿಂಡಿ ಆದ್ರೆ ತಲೆಗೆ 50-60 ಗ್ರಾಂ ಮಾಂಸ, ಅಷ್ಟೇ ಚೀಸ್. ಇದೇ ಊಟ ಅಂದ್ರೆ ಎರಡರಷ್ಟು. ಅಲ್ಲಿ ಓದ್ತಿರೋ ನನ್ನ ದೊಡ್ಡಮ್ಮನ ಮಗಳು ಹೋದ ಡಿಸೆಂಬರ್‌ನಲ್ಲಿ ಎಂಟು ಜನ ಲ್ಯಾಬ್‌ನವರನ್ನ ಕರೆದಿದ್ದಳು. ನಾಲ್ವರು ಎಲ್ಲಾ ತಿನ್ನೋರು, ಇಬ್ಬರು ಶುದ್ಧ ಸಸ್ಯಾಹಾರಿಗಳು, ಒಬ್ಬರು ಹಲಾಲ್ ಮಾತ್ರ, ಒಬ್ಬರು ಗರ್ಭಿಣಿ. ಫೋನ್‌ನಲ್ಲಿ ‘ಲೇ, ಇದು ಪಾರ್ಟಿ ಅಲ್ಲ ಕಣೋ, ಕನ್‌ಸ್ಟ್ರೇಂಟ್ ಆಪ್ಟಿಮೈಸೇಷನ್’ ಅಂದ್ಲು. ಮಾಂಸ ತಿನ್ನೋರು ಐದು ಜನ, 55 ಗ್ರಾಂ ಅಂದ್ರೆ 275 ಗ್ರಾಂ. ಚೀಸ್ ಎಂಟು ಜನಕ್ಕೆ 440, ಸಸ್ಯಾಹಾರಿಗಳಿಗೆ ಸ್ವಲ್ಪ ಹೆಚ್ಚಿಗೆ ಅಂತ 500. ಹಲಾಲ್ ಬೀಫ್ ಸಲಾಮಿ ಬೇರೆ ತಟ್ಟೆಯಲ್ಲಿ. ಬೀಫ್ ಅಂತ ಬರೆದಿದ್ರೂ ಹೊರಗಿನ ಚೀಲ ಹಂದಿ ಕರುಳಿನದ್ದಾಗಿರಬಹುದು, ಅದನ್ನೂ ಓದಿಕೊಂಡು ತಂದಳು. ಗರ್ಭಿಣಿಯರಿಗೆ ಲಿಸ್ಟೀರಿಯಾ ಭಯ ಇರೋದ್ರಿಂದ ತಣ್ಣನೆ ಮಾಂಸ, ಬ್ರೀ ಥರದ ಮೆತ್ತನೆ ಚೀಸ್ ಬೇಡ. ಪಾಶ್ಚರೀಕರಿಸಿದ ಹಾಲಿನ ಗಟ್ಟಿ ಚೀಸ್, ಕಾಯಿ-ಬೀಜ, ಚೆನ್ನಾಗಿ ತೊಳೆದ ಹಣ್ಣು ಪರವಾಗಿಲ್ಲ.

ಸಸ್ಯಾಹಾರಿಗಳು ಇದ್ರೆ ಹಲಗೆ ಎರಡು ಇರಲಿ, ಚಾಕೂ ಎರಡು. ಒಂದೇ ಹಲಗೆಯಲ್ಲಿ ಅರ್ಧಕ್ಕೆ ದ್ರಾಕ್ಷಿ ಗೋಡೆ ಕಟ್ಟಿ ಇದು ವೆಜ್, ಅದು ನಾನ್‌ವೆಜ್ ಅನ್ನೋದು ಫೋಟೋಗೆ ಚಂದ. ಹತ್ತು ನಿಮಿಷದಲ್ಲಿ ಯಾರೋ ಸಲಾಮಿ ಕತ್ತರಿಸಿದ ಚಾಕುವನ್ನೇ ಚೀಸ್‌ಗೆ ಹಾಕ್ತಾರೆ. ಆಮೇಲೆ ಆ ಇಬ್ಬರು ಏನೂ ಹೇಳದೆ ದ್ರಾಕ್ಷಿ ಮಾತ್ರ ತಿಂದ್ಕೊಂಡು ಕೂತಿರ್ತಾರೆ.

ಜೋಡಿಸೋದು ಕಷ್ಟ ಅಲ್ಲ. ಮೊದಲು ಪುಟ್ಟ ಬಟ್ಟಲುಗಳು: ಸೌತೆಕಾಯಿ, ಜಾಮ್, ಸಾಸಿವೆ, ಜೇನು. ಆಮೇಲೆ ಚೀಸ್, ಅದರ ಪಕ್ಕ ಮಾಂಸ, ಉಳಿದ ಸಂದಿಗೆ ಹಣ್ಣು, ಬಾದಾಮಿ. ಪ್ರೊಶುಟ್ಟೊ ಕಾಗದದಷ್ಟು ತೆಳ್ಳಗಿರಲಿ, ದಪ್ಪ ಆದ್ರೆ ಉಪ್ಪು, ಜೊತೆಗೆ ಜಗಿಯೋಕೆ ಚರ್ಮದ ಹಾಗೆ. ಸಲಾಮಿ ಹೂ ಬೇಕಂದ್ರೆ ಬಿಲ್ಲೆಗಳನ್ನ ಸಣ್ಣ ಲೋಟದ ಬಾಯಿ ಮೇಲೆ ಒಂದರ ಮೇಲೊಂದು ಅರ್ಧರ್ಧ ಮಡಚ್ತಾ ಸುತ್ತ ಜೋಡಿಸಿ ಕವುಚಿ ಹಾಕಿ, ಆಯ್ತು. ರೋಸ್‌ಮೇರಿನ ಸುತ್ತ ಉಂಗುರದ ಹಾಗೆ ಇಟ್ರೆ ಕ್ರಿಸ್‌ಮಸ್ ಹಾರ.

ಕ್ರ್ಯಾಕರ್ ಮಾತ್ರ ಎಲ್ಲಕ್ಕಿಂತ ಕೊನೆಗೆ, ಅತಿಥಿಗಳು ಬೆಲ್ ಒತ್ತಿದ ಮೇಲೆ. ಬಿಸಿ ಕಡೆಯಿಂದ ತಣ್ಣಗಿನ ಕಡೆಗೆ ಶಾಖ ಹರಿಯೋ ಹಾಗೆ, ನೀರು ವಾಟರ್ ಆಕ್ಟಿವಿಟಿ ಜಾಸ್ತಿ ಇರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹರಿಯತ್ತೆ. ಒಣಗಿದ ಹಾಗೆ ಕಾಣೋ ಸಲಾಮಿ 0.9ರ ಆಸುಪಾಸು ಇರತ್ತೆ, ಕ್ರ್ಯಾಕರ್ ಅದಕ್ಕಿಂತ ತುಂಬಾ ಕೆಳಗೆ. ಪಕ್ಕಪಕ್ಕ ಅಂಟಿಸಿಟ್ರೆ ಅರ್ಧ ಗಂಟೆಯಲ್ಲಿ ಕ್ರ್ಯಾಕರ್ ಮಳೆಗಾಲದ ಚಕ್ಕುಲಿ ಥರ ಮೆತ್ತಗಾಗತ್ತೆ. ಬಟ್ಟಲಲ್ಲೋ ಬೇರೆ ತಟ್ಟೆಯಲ್ಲೋ ಇಡಿ. ಕತ್ತರಿಸಿದ ಸೇಬು, ಹಸಿ ಅಂಜೂರಕ್ಕೂ ಇದೇ ಮಾತು.

ಚೀಸನ್ನ ಬಡಿಸೋಕೆ ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ತೆಗೀರಿ. ತಣ್ಣಗಿರೋವಾಗ ಕೊಬ್ಬು ಗಟ್ಟಿ, ಪರಿಮಳ ಹೊರಗೆ ಬರಲ್ಲ. ಅಲ್ಲಿಂದ ಗಡಿಯಾರ ಶುರು. ಅಮೆರಿಕದ ಕೃಷಿ ಇಲಾಖೆಯ ನಿಯಮ: ಕೆಡೋ ಪದಾರ್ಥ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಸುತ್ತಲಿನ ಉಷ್ಣಾಂಶ 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಮಾತು ಜಾಸ್ತಿ ಆಡೋ ಗುಂಪು ಅಂದ್ರೆ ಅರ್ಧ ಮಾತ್ರ ಹಲಗೆ ಮೇಲಿಟ್ಟು, ಉಳಿದರ್ಧ ಫ್ರಿಜ್‌ನಲ್ಲಿಟ್ಟು ಆಮೇಲೆ ತುಂಬಿ. ರಾತ್ರಿ ಎಲ್ಲರೂ ಹೋದ ಮೇಲೆ ಹೊತ್ತು ಮೀರಿದ ಮಾಂಸ, ಮೆತ್ತನೆ ಚೀಸ್ ಕಸಕ್ಕೆ. ಬಾದಾಮಿ, ಕ್ರ್ಯಾಕರ್ ಡಬ್ಬಿಗೆ. ಸೌತೆಕಾಯಿ ಬಾಟಲಿಯಲ್ಲಿ ಉಳಿದ ವಿನೆಗರ್ ಚೆಲ್ಲಬೇಡಿ, ಅದಕ್ಕೆ ಹೆಚ್ಚಿದ ಈರುಳ್ಳಿ ಹಾಕಿ ಫ್ರಿಜ್‌ನಲ್ಲಿಡಿ. ಮಾರನೇ ದಿನ ಅನ್ನ-ಬೇಳೆ ಜೊತೆ ನಂಚಿಕೊಳ್ಳೋಕೆ ಬಹಳ ಚೆನ್ನಾಗಿರತ್ತಂತೆ, ಅಕ್ಕ ಹೇಳಿದ್ದು.